ಅಂಶ ಮೇಲೆ, ಛೇದ ಕೆಳಗೆ

ಲಿಖಿತಾ ಭಿನ್ನರಾಶಿ ಮಾಡುತ್ತಿದ್ದಾಳೆ.
ಮೇಲಿನದು ಅಂಶ, ಕೆಳಗಿನದು ಛೇದ,
ನಡುವಿನ ಗೀಟಿಗೆ ಅವಳಿಗೆ ಸ್ಕೇಲೇ ಆಗಬೇಕು.

ಈ ಎರಡು ಮಾತು ನನಗೆ ಕಲಿಸಿದ್ದು ಶಾಲೆಯಲ್ಲ,
ಚಿಕ್ಕಬಳ್ಳಾಪುರದ ಕೋರ್ಟಿನ ಬೆಂಚು,
ಎರಡು ವರ್ಷ ಏಳು ತಿಂಗಳು.
ವಿಚ್ಛೇದನ. ಜೀವನಾಂಶ.
ಜೀವನದಲ್ಲಿ ಎಷ್ಟನೇ ಅಂಶ ಮೇಡಂ, ಅರ್ಧವಾ, ಕಾಲಾ?
ತಸ್ನೀಮ್ ಮೇಡಂ ಫೈಲಿನ ದಾರ ಬಿಗಿಯುತ್ತ ನಕ್ಕರು:
"ಅಂಥ ಸೂತ್ರ ಇಲ್ಲ ಗಂಗರತ್ನ.
ಅವನಿಗೆ ಎಷ್ಟಿದೆ, ನಿನಗೆ ಎಷ್ಟು ಬೇಕು,
ಕೂಡಿದ್ದಾಗ ಹೇಗೆ ಬದುಕಿದ್ರಿ, ಎಲ್ಲ ನೋಡ್ತಾರೆ.
ಮೊದಲು ಹೇಳು, ಅವನಿಗೆ ಏನಿದೆ?"

ಪ್ರಮಾಣಪತ್ರದ ಪ್ರಕಾರ ಅವನಿಗೆ ಏನೂ ಇಲ್ಲ.
ಶಿಡ್ಲಘಟ್ಟದ ರೀಲಿಂಗ್ ಘಟಕ ತಮ್ಮನ ಹೆಸರಿಗೆ,
ಟೆಂಪೋ ಅಕ್ಕನ ಗಂಡನ ಹೆಸರಿಗೆ,
ತಾನು ಅಲ್ಲಿ ಬರೀ ಕೂಲಿ, ದಿನಕ್ಕೆ ಮುನ್ನೂರೈವತ್ತು.
ಓದುತ್ತ ಓದುತ್ತ ನನಗೇ ಅಯ್ಯೋ ಪಾಪ ಅನ್ನಿಸಿತು,
ಎರಡು ನಿಮಿಷ.
ಆಮೇಲೆ ನನ್ನ ಕಾಲಂ.
ಉದ್ಯೋಗ: ಗೃಹಿಣಿ. ಆದಾಯ: ಇಲ್ಲ.
ಅದನ್ನು ಅವನು ತುಂಬಿದ್ದಲ್ಲ.
ನಾನೇ ಬರೆಸಿದ್ದು.

ಹನ್ನೊಂದು ವರ್ಷ
ಬೆಳಗಿನ ನಾಲ್ಕೂವರೆಗೆ ಒಲೆ ಹೊತ್ತಿಸಿದವಳು,
ಕುದಿವ ನೀರಿಗೆ ಗೂಡು ಸುರಿದು
ಎಳೆಯ ತುದಿಗಾಗಿ ಬರಿಗೈಲಿ ತಡಕಿದವಳು,
ಏಳೆಂಟು ಎಳೆ ಸೇರಿಸಿ ಒಂದು ನೂಲು ಮಾಡಿದವಳು,
ಮಾರ್ಕೆಟ್ಟಲ್ಲಿ ಇವತ್ತು ಗೂಡಿಗೆ ಏನು ರೇಟು ಅನ್ನುವುದನ್ನ
ಅವನ ಚಪ್ಪಲಿ ಸದ್ದಿನಲ್ಲೇ ತಿಳಿಯುತ್ತಿದ್ದವಳು,
ಗೃಹಿಣಿ.
ಬೆರಳ ಗೆರೆ ಸವೆದು, ರೇಷನ್ ಅಂಗಡಿಯ ಯಂತ್ರ
ಇಂದಿಗೂ ನನ್ನನ್ನು ನಾನಲ್ಲ ಅನ್ನುತ್ತದೆ.
ಅದನ್ನು ಯಾವ ಕಾಲಂಗೆ ಬರೆಸಬೇಕಿತ್ತೋ.

ಅಮ್ಮನದು ಒಂದೇ ಪ್ರಶ್ನೆ:
"ಬಿಟ್ಟವನ ಅನ್ನ ಗಂಟಲಲ್ಲಿ ಹೆಂಗೆ ಇಳಿಯುತ್ತೇ ನಿಂಗೆ?"
ಇಳಿಯುತ್ತೆ ಕಣಮ್ಮಾ.
ಮುದ್ದೆ ಅಗಿಯಬಾರದು, ನುಂಗಬೇಕು
ಅಂತ ಕಲಿಸಿದವಳು ನೀನೇ.

ಆದೇಶವಾಯಿತು. ನನಗೆ ಆರು ಸಾವಿರ, ಮಗಳಿಗೆ ನಾಲ್ಕು,
ಪ್ರತಿ ತಿಂಗಳು ಹತ್ತರೊಳಗೆ.
ಮೊದಲ ಸಲ ಹಣದ ಜೊತೆ ಫೋನಿಗೆ ಅವನದೊಂದು ಷರಾ:
ದಂಡ.
ಎರಡನೇ ಸಲ: ಪುಕ್ಕಟೆ.
ಮೂರನೇ ಸಲ ಏನೂ ಬರೆದಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.
ಆಮೇಲೆ ನಾಲ್ಕು ತಿಂಗಳು ಹಣವೂ ಇಲ್ಲ, ಷರವೂ ಇಲ್ಲ.
ಬಾಕಿ ವಸೂಲಿಗೆ ಅರ್ಜಿ ಹಾಕಿದೆವು.
ವಾರಂಟ್ ಅಂದ ಕೂಡಲೆ ಒಟ್ಟಿಗೆ ಬಂತು ನಲವತ್ತು ಸಾವಿರ,
ಷರಾ: ಸಾಕಾ?

ಸಾಕಾ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.
ಕೂಲಿ ಅಂತ ಬರೆದಿದ್ದರೆ
ಒಂದು ಹಳೇ ಲೆಕ್ಕ ತೀರುತ್ತಿತ್ತೇನೋ.
ಈಗ ಹುರಿ ಮಿಷನ್ನಿಗೆ ಹೋಗುತ್ತೇನೆ,
ಆ ದುಡ್ಡನ್ನೂ ಕೋರ್ಟಿಗೆ ಹೇಳಿದ್ದೇನೆ, ಮುಚ್ಚಿಟ್ಟಿಲ್ಲ.
ಮುಚ್ಚಿಟ್ಟಿದ್ದು ಇಷ್ಟೇ:
ಹತ್ತನೇ ತಾರೀಕು ಫೋನಿಗೆ ಕಿವಿಗೊಟ್ಟು ಕೂರುತ್ತೇನೆ,
ಹಿಂದೆ ಚಪ್ಪಲಿ ಸದ್ದಿಗೆ ಕೂತ ಹಾಗೆಯೇ.
ತಸ್ನೀಮ್ ಮೇಡಂಗೂ ಹೇಳಿಲ್ಲ.

"ಅಮ್ಮಾ, ಅಂಶ ಸೊನ್ನೆ ಆಗಬಹುದಂತೆ,
ಛೇದ ಮಾತ್ರ ಸೊನ್ನೆ ಆಗಬಾರದಂತೆ. ಯಾಕೆ?"
ಮಿಸ್ಸು ಹೇಳಲಿಲ್ವಾ?
"ನಿಯಮ ಅಂದ್ರು."

ಅಂಶ ಸೊನ್ನೆಯಾದ ನಾಲ್ಕು ತಿಂಗಳು
ಪಕ್ಕದ ಮನೆಯ ನುಗ್ಗೆಮರ ಬೋಳಾಗಿತ್ತು,
ಅವಳಿಗೆ ನೆನಪಿದೆಯೋ ಇಲ್ಲವೋ.

ಗೀಟು ಸೊಟ್ಟಗಾಗಿದೆ, ಸ್ಕೇಲು ಕೊಡು ಇಲ್ಲಿ, ಅಂದೆ.
ಎರಡೂ ಕೈಲಿ ಅದುಮಿ ಹಿಡಿದೆ.
ಅವಳು ಎಳೆದಳು.