ನಾಲ್ಕನೇ ಕಿಟಕಿ

ಗುಲುವಿನಲ್ಲಿ ಬೆಳಿಗ್ಗೆ ಎಂಟಕ್ಕೇ ಧೂಳು ಕೆಂಪಗೆ ಏಳುತ್ತದೆ.
ರಿಜಿಸ್ಟ್ರಾರ್ ಕಚೇರಿಯ ನಾಲ್ಕನೇ ಕಿಟಕಿ ನನ್ನದು:
ಲಮಾರೊ, ದಾಖಲಾತಿ ವಿಭಾಗ, ಹದಿನಾರು ವರ್ಷದ ಸರ್ವಿಸು.

ಮೊದಲೆಲ್ಲ ಒಂದು ಅಂಕಪಟ್ಟಿಗೆ
ಮೂರು ದಿನ ನಿಲ್ಲುತ್ತಿದ್ದರು ಇಲ್ಲಿ,
ಸರದಿಗೆ ಚಪ್ಪಲಿ ಬಿಟ್ಟು, ಮಾವಿನ ಮರದಡಿ ಬುತ್ತಿ ಬಿಚ್ಚಿ.
ಶುಲ್ಕದ ರಸೀದಿಯನ್ನು ನಮಗಿಂತ ಮೊದಲು
ಗೆದ್ದಲು ಓದಿ ಮುಗಿಸಿರುತ್ತಿತ್ತು.
ಲಡ್ವಾರ್ ಮುದುಕರು ಮಾತ್ರ ಲೆಡ್ಜರಿನ ಮೇಲೆ ಬಾಗಿ
ನೇರಳೆ ಶಾಯಿಯಲ್ಲಿ, ಅವಸರವೇ ಅರಿಯದ ಅಕ್ಷರದಲ್ಲಿ
ಒಬ್ಬೊಬ್ಬರನ್ನೇ ಒಳಗೆ ಬಿಟ್ಟುಕೊಳ್ಳುತ್ತಿದ್ದರು.

ಈಗ ಯಂತ್ರ ಬಂದಿದೆ.
ಸುಳ್ಳು ಯಾಕೆ ಹೇಳಲಿ, ನನಗದು ಇಷ್ಟ.
ಕಿಟ್ಗುಮ್‌ನ ಎಳ್ಳಿನ ಹೊಲದಲ್ಲಿ ನಿಂತ ತಾಯಿ
ಮೊಬೈಲಿನಲ್ಲೇ ಶುಲ್ಕ ಕಟ್ಟಿ
ಗುದ್ದಲಿಯನ್ನು ಮತ್ತೆ ಎತ್ತುವಷ್ಟರಲ್ಲಿ
ಇಲ್ಲಿ ನನ್ನ ಪರದೆಯ ಮೇಲೆ ಕೆಂಪು ಹಸಿರಾಗುತ್ತದೆ.
ಲಂಚಕ್ಕೆ ಚಾಚಲು ಯಂತ್ರಕ್ಕೆ ಕೈಯಿಲ್ಲ
(ನಮ್ಮಲ್ಲಿ ಕೆಲವರಿಗೆ ಅದೇ ಬೇಸರ).

ಮಾರ್ಚಿಯ ಒಂದು ರಾತ್ರಿ, ಯಾರೂ ಹೇಳದೆಯೇ,
ಅದು ಮನೆ ಗುಡಿಸಿತು.
ಒಂದೇ ಜನ್ಮದಿನ, ಒಂದೇ ಊರು, ಒಂದೇ ಶಾಲೆ,
ಅಪ್ಪನದೂ ಒಂದೇ ಫೋನ್ ನಂಬರು;
ಕಣ್ತಪ್ಪಿ ಎರಡು ಸಲ ಬರೆದಿದ್ದಾರೆಂದು ಬಗೆದು
ಅಪಿಯೋಳನ್ನು ಇಟ್ಟುಕೊಂಡಿತು, ಅಚೆನ್‌ಳನ್ನು ಒರೆಸಿತು.
ಇಬ್ಬರ ಅಂಕ ಕೂಡಿಸಿ ಎರಡರಿಂದ ಭಾಗಿಸಿತು,
ನ್ಯಾಯವಾಗಿಯೇ.

ಬೆಳಿಗ್ಗೆ ಅಚೆನ್ ಬಂದು ಕಿಟಕಿಗೆ ಮೊಣಕೈ ಊರಿದಳು.
ಮೇಡಂ, ನಾನು ಇಲ್ಲವಂತೆ.

ನಮ್ಮಲ್ಲಿ ಅವಳಿಗಳಿಗೆ ಹೆಸರು ಹುಡುಕುವುದಿಲ್ಲ,
ಹೆಸರು ಅವರ ಜೊತೆಗೇ ಬಂದಿರುತ್ತದೆ:
ಮುಂದೆ ಬಂದವಳು ಅಪಿಯೋ, ಹಿಂದೆ ಬಂದವಳು ಅಚೆನ್,
ಆ ಇಬ್ಬರ ಬೆನ್ನಿಗೆ ಬಿದ್ದ ತಮ್ಮ ಒಕೆಲ್ಲೊ.
ಅಂಗಳದಲ್ಲಿ ಹೆಸರು ಕೂಗಿದರೆ ಸಾಕು,
ಅಜ್ಜಿಗೆ ಮಕ್ಕಳ ಲೆಕ್ಕ ತಾಳೆಯಾಗುತ್ತದೆ.
ಕಂಪಾಲಾದಿಂದ ಬಂದ ಸೆಬುನ್ಯಾಗೆ ಇದನ್ನು ಹೇಳಿದೆ.
ಹುಡುಗ ತಲೆ ಚಚ್ಚಿಕೊಂಡ:
ನನ್ನ ಅಕ್ಕಂದಿರೇ ಬಾಬಿರ್ಯೆ, ನಕಾಟೊ;
ಅವಳಿಗೆ ನಮ್ಮ ಕಡೆಯೂ ಹೆಸರು ಕಾದಿರುತ್ತದೆ.
ತಂತ್ರಾಂಶ ಮಾತ್ರ ಬೇರೆ ಎಲ್ಲಿಯದೋ.

ಉಗ್ರಾಣದಲ್ಲಿ ಸೀನುತ್ತ ಹುಡುಕಿದೆವು.
ಕೊನೆಯ ಲೆಡ್ಜರು, ನೇರಳೆ ಶಾಯಿ, ಎರಡು ಸಾಲು,
ಅಂಚಿನಲ್ಲಿ ಸಣ್ಣಕ್ಕೆ:
ಇಬ್ಬರು. ಕಣ್ಣಾರೆ ನೋಡಿದ್ದೇನೆ. ಲ.

ಅಚೆನ್ ಮರಳಿ ಬಂದಳು, ಅವಳ ಅಂಕಗಳೂ.
(ಭಾಗಾಕಾರದಲ್ಲಿ ಅಪಿಯೋಗೆ ನಾಲ್ಕು ಲಾಭವಾಗಿತ್ತು,
ಅವಳು ಆ ಮಾತೇ ಎತ್ತಲಿಲ್ಲ.)
ಸೆಬುನ್ಯಾ ಅರ್ಜಿಗೊಂದು ಚೌಕ ಸೇರಿಸಿದ:
ನೀವು ಅವಳಿಯೇ? ಹೌದಾದರೆ ಇನ್ನೊಬ್ಬರ ಹೆಸರು, ಸಂಖ್ಯೆ.
ಪಕ್ಕದಲ್ಲೊಂದು ಕೆಂಪು ನಕ್ಷತ್ರ: ಖಾಲಿ ಬಿಡುವಂತಿಲ್ಲ.

ಏಳು ಸಾವಿರ ಜನ ಒತ್ತಿದರು,
ಇಲ್ಲ, ಇಲ್ಲ, ಇಲ್ಲ, ಹೌದು, ಇಲ್ಲ.
ಹುಡುಗರಿಗೆ ಎರಡು ದಿನ ಅದೇ ತಮಾಷೆ.

ಶುಕ್ರವಾರ ಮಧ್ಯಾಹ್ನ ಕಿಟಕಿಗೆ ಬಂದವರು
ಸಂಜೆ ತರಗತಿಯಲ್ಲಿ ಓದುವ ಒಚೆನ್ ಮೇಷ್ಟ್ರು,
ಕಿವಿಯ ಬಳಿ ನರೆ, ಕೈಗೆಲ್ಲ ಸೀಮೆಸುಣ್ಣ.
ಹೌದು ಅಂತ ಒತ್ತಿದೆ, ಅಂದರು,
ಈಗ ಮುಂದಕ್ಕೂ ಬಿಡದು, ಹಿಂದಕ್ಕೂ ಬಿಡದು.
ಹೆಸರು ಬರೆಯಿರಿ, ಅಂದೆ.
ಬರೆದಿದ್ದೇನೆ, ಒಪಿಯೋ. ನಿರಾಶ್ರಿತರ ಶಿಬಿರದಲ್ಲಿ,
ನಮಗೆ ಏಳು ವರ್ಷ ಆಗ.
ಅವನ ನೋಂದಣಿ ಸಂಖ್ಯೆ ಕೇಳುತ್ತಿದೆ.

ನಕ್ಷತ್ರ ಅಳಿಸುವ ಅಧಿಕಾರ ನನಗಿಲ್ಲ.
ಫೋನಿಗೆ ಸೆಬುನ್ಯಾ ಸಿಗಲಿಲ್ಲ, ಊಟದ ಹೊತ್ತು.
ಸೊನ್ನೆಗಳನ್ನು ಹಾಕಿದೆ, ಯಂತ್ರ ಒಪ್ಪಲಿಲ್ಲ.
ಆಮೇಲೆ, ಇದನ್ನು ಯಾರಿಗೂ ಹೇಳಿಲ್ಲ,
ಒಪಿಯೋನ ಚೌಕದಲ್ಲಿ
ಒಚೆನ್‌ರ ಸಂಖ್ಯೆಯನ್ನೇ ಬರೆದೆ.

ಚಕ್ರ ಸುತ್ತಿತು. ಜನರೇಟರು ಕೆಮ್ಮಿತು.
ಉಳಿಸಲೇ? ಎಂದು ಕೇಳಿತು ಪರದೆ.
ಮೇಷ್ಟ್ರು ಸರಳಿನ ನಡುವೆ ಕೈ ತೂರಿಸಿ
ತಾವೇ ಒತ್ತಿದರು. ಕೀಲಿಯ ಮೇಲೆ ಬಿಳಿ ಬೆರಳಚ್ಚು.

ರಸೀದಿ ಬೇಕೇ, ಅಂದೆ.
ಎರಡು ಪ್ರತಿ, ಅಂದರು.