ನಲವತ್ತು ಪದಗಳೊಳಗೆ

ನಲವತ್ತು ಪದ ಮೀರಬಾರದು ಅಂದಿದ್ದಾರೆ.
ಗಾಜಿನ ಕೆಳಗೆ ಅಂಟಿಸುವ ಚೀಟಿ ಅಷ್ಟೇ ಅಗಲ.

ಪಟದಲ್ಲಿ ಹತ್ತೊಂಬತ್ತು ಜನ ಕೂಲಿಗಳು,
ಕಾನ್ಸಾಸಿನ ಬಿಸಿಲಿಗೆ ಕಣ್ಣು ಕಿರಿದು ಮಾಡಿ
ಹಳಿಯ ಮೇಲೆ ನಿಂತವರು.
ಪಕ್ಕದಲ್ಲಿ ಮೇಸ್ತ್ರಿ. ಹಿಂಬದಿಯಲ್ಲಿ ಹೆಸರಿರುವುದು ಅವನೊಬ್ಬನಿಗೆ,
ಮತ್ತೆ ಅವನ ನಾಯಿಗೆ.

ಎಡದಿಂದ ಆರನೆಯವನು ನನ್ನ ತಾತ.
ಸಂಬಳದ ಪುಸ್ತಕದಲ್ಲಿ 'ಜೋ, ಹದಿನಾಲ್ಕು'.
ಇಪೋಲಿತೊ ಅನ್ನಲು ಮೇಸ್ತ್ರಿಯ ನಾಲಿಗೆ ಹೊರಳಲಿಲ್ಲ;
'ಜೋ, ಕಾಗದ ಬಂದಿದೆ' ಎಂದು ಕೂಗಿದರೆ
ಹತ್ತೊಂಬತ್ತೂ ಮಂದಿ ಎದ್ದು ನಿಲ್ಲುತ್ತಿದ್ದರಂತೆ.
ಅಜ್ಜಿ ಇದನ್ನು ನಗುತ್ತಲೇ ಹೇಳುತ್ತಿದ್ದಳು,
ನಗು ಮುಗಿದ ಮೇಲೂ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮನೆ ಅಂದರೆ ಚಕ್ರ ಕಳಚಿದ ಗೂಡ್ಸ್ ಡಬ್ಬಿ.
ಬಾಗಿಲ ಮೇಲೆ ನಾಲ್ಕು ಸೊನ್ನೆ ಏಳು ಏಳು ಒಂದು.
ಅಪ್ಪ ಅಂಕಿ ಕಲಿತದ್ದು ಅದರಲ್ಲೇ,
ಎಣಿಕೆ ನಾಲ್ಕರಿಂದಲೇ ಶುರು ಎಂದು
ಸ್ಕೂಲಿನಲ್ಲಿ ಎಷ್ಟೋ ದಿನ ವಾದಿಸಿದ.
ಹಂದಿಕೊಬ್ಬಿನ ಖಾಲಿ ಡಬ್ಬಗಳಲ್ಲಿ ಜೆರೇನಿಯಂ.
ರಾತ್ರಿ ಎರಡೂವರೆಯ ಗಾಡಿಗೆ ತಟ್ಟೆಗಳು ಗಲಗಲ,
ಮೇರಿ ಮಾತೆಯ ಪಟ ಓರೆ.
ಅಜ್ಜಿ ನಿದ್ದೆಗಣ್ಣಲ್ಲೇ ಕೈ ಚಾಚಿ ನೆಟ್ಟಗೆ ಮಾಡಿ ಅನ್ನುವಳು:
ನಿಮ್ಮ ತಾತ ಬಿಗಿದ ಮೊಳೆ, ಅದಕ್ಕೇ ಇಷ್ಟೇ ಅಲುಗಾಟ.

ಆ ಹಳಿಯ ಮೇಲೆ ಗೋಧಿ ಹೋಯಿತು,
ಕ್ಯಾಲಿಫೋರ್ನಿಯಾದ ಕಿತ್ತಳೆ ಚಿಕಾಗೋದ ಮೇಜಿಗೆ ಹೋಯಿತು,
ಎರಡು ಯುದ್ಧಕ್ಕೆ ಹುಡುಗರು ಹೋದರು.
ಎರಡನೆಯದಕ್ಕೆ ಚಿಕ್ಕಪ್ಪ ಉಬಾಲ್ದೊ,
ಕಿಟಕಿಯಿಂದ ಟೋಪಿ ಬೀಸುತ್ತ.
ಬಂದದ್ದೂ ಅದೇ ಹಳಿಯ ಮೇಲೆ, ಬಾವುಟ ಹೊದ್ದು.
ಊರಿಗೆ ಊರೇ ತಲೆ ಬಗ್ಗಿಸಿ ನಿಂತಿತು.
ವರ್ಷ ಕಳೆದು ತಾತ ಸಿನಿಮಾಕ್ಕೆ ಹೋದಾಗ
ಟಿಕೆಟಿನವನು ಎಂದಿನಂತೆ ಮೆಟ್ಟಿಲು ತೋರಿಸಿದ:
ನಿಮ್ಮವರಿಗೆ ಬಾಲ್ಕನಿ.

ನಮ್ಮ ನಿರ್ದೇಶಕಿ ಒಳ್ಳೆಯವಳು.
'ಕೊಡುಗೆ' ಅಂತ ಹಾಕು, ಎಲ್ಲರಿಗೂ ಹಿಡಿಸುತ್ತದೆ, ಅಂದಳು.
ಹಾಕಿ ನೋಡಿದೆ.
ನೆಂಟರು ಮುಯ್ಯಿ ಬರೆಸಿ, ಉಂಡು, ಕೈ ತೊಳೆದು
ಹೊರಟುಹೋದ ಹಾಗಿತ್ತು.
ತಳಪಾಯಕ್ಕೆ ಬಿದ್ದ ಕಲ್ಲನ್ನು
ಯಾರಾದರೂ ಉಡುಗೊರೆ ಅನ್ನುತ್ತಾರೆಯೇ?
ಹೊಡೆದುಹಾಕಿದೆ.

ತೊಂಬತ್ತಾರರ ಎರ್ಕುಲಾನಾ ಸುನಿಗಾ ಹತ್ತಿರ ಪಟ ಒಯ್ದೆ.
ಭೂತಗನ್ನಡಿ ಹಿಡಿದು ಒಂದೊಂದೇ ಮುಖ ಮುಟ್ಟಿದಳು:
ಇವನು ಮೆಲ್ಕಿಯಾದೆಸ್, ಸಾಲ ತೀರಿಸಲಿಲ್ಲ.
ಇವನು ತಿಬುರ್ಸಿಯೊ...
ಅಲ್ಲಿ ಬೆರಳು ಸ್ವಲ್ಪ ಹೊತ್ತು ನಿಂತಿತು,
ನಾನು ಕೇಳಲಿಲ್ಲ.

ಹದಿನಾರು ಹೆಸರು ಸಿಕ್ಕವು.
ಉಳಿದ ಮೂವರನ್ನು ಜೋ ಅನ್ನಲಾರೆ,
ಅವರವರ ಅಗಲಕ್ಕೆ ಖಾಲಿ ಬಿಟ್ಟಿದ್ದೇನೆ.
ಹೆಸರು, ಮನೆತನದ ಹೆಸರು, ಆ ಖಾಲಿಯನ್ನೂ ಎಣಿಸಿದರೆ
ಮೂವತ್ತೆಂಟು.

ಇನ್ನೆರಡು ಪದಕ್ಕೆ ಕೂತಿದ್ದೇನೆ.
ಎರಡೂವರೆಯ ಗಾಡಿ ಈಗಲೂ ಇದೆ,
ಬರೀ ಕಂಟೇನರುಗಳು.
ನಾಯಿಯ ಹೆಸರು ಬಿಟ್ಟುಬಿಟ್ಟೆ,
ಪಾಪ, ಅದೇನೂ ಅಂದುಕೊಳ್ಳುವುದಿಲ್ಲ.