ಹತ್ತು ತೊಳೆ

ಹಳೆಯವೆರಡನ್ನೂ ತೆಗೆಯುವುದಿಲ್ಲವಂತೆ.
ಬೆನ್ನ ಹಿಂದೆ ಹಾಗೇ ಇರುತ್ತವೆ,
ಡಿಪೋದ ಮೂಲೆಗೆ ತಳ್ಳಿದ ಗಾಡಿಗಳ ಹಾಗೆ.
ಹೊಸದಕ್ಕೆ ಸೀಟು ಮುಂದೆ, ಬಲ ಕಿಬ್ಬೊಟ್ಟೆಯಲ್ಲಿ.
ನಿದ್ದೆಗಣ್ಣಲ್ಲಿ ಟಿಕೆಟ್ ಚೀಲ ತಡವಿದಂತೆ
ತಡವಿ ನೋಡುತ್ತೇನೆ, ಇದೆ.

ಇಪ್ಪತ್ತೆರಡು ವರ್ಷ ಭಾಗಮಂಡಲದ ಬಸ್ಸಿನಲ್ಲಿ
ಚಿಲ್ಲರೆ ಎಣಿಸಿದವನು ನಾನು.
ಸಕ್ಕರೆ ಯಾವ ಸ್ಟಾಪಿನಲ್ಲಿ ಹತ್ತಿತೋ ನೋಡಲಿಲ್ಲ.
ಮೊದಲು ಪಾದದ ಉರಿ, ಆಮೇಲೆ ಕಣ್ಣಿಗೆ ಮಂಜು,
ಕೊನೆಗೆ ಮಡಿಕೇರಿಯ ಡಯಾಲಿಸಿಸ್ ಮಂಚ,
ಮಂಗಳವಾರ, ಶುಕ್ರವಾರ.

ದಿನಕ್ಕೆ ಮೂರು ಲೋಟ ನೀರು ಅಂದರು.
ಕಾವೇರಿ ಹುಟ್ಟುವ ಕಡೆಗೆ ಜನರನ್ನು ಸಾಗಿಸಿದವನಿಗೆ
ಮೂರು ಲೋಟ!
ಸಕ್ಕರೆಗೆಂದು ಬಿಟ್ಟಿದ್ದ ಕಿತ್ತಳೆಯನ್ನು
ಪೊಟ್ಯಾಸಿಯಮ್ಮಿಗೆಂದು ಇನ್ನೊಮ್ಮೆ ಬಿಡಿಸಿದರು.
ಒಂದೇ ಹಣ್ಣನ್ನು ಎರಡು ಸಲ ಬಿಡುವುದು ಹೇಗೆ, ಕೇಳಿದೆ.
ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಗಲಿಲ್ಲ.

ಪೊನ್ನಕ್ಕ ಬಂದಳು.
ಚೇರಂಬಾಣೆಯಲ್ಲಿ ಹೊಲಿಗೆ ಮಿಷಿನ್ನಿಗೆ ಬಟ್ಟೆ ಹೊದಿಸಿ,
ರವಿಕೆ ಕೊಟ್ಟವರಿಗೆಲ್ಲ
ದೀಪಾವಳಿ ಕಳೆದು ಬನ್ನಿ ಎಂದು ಹೇಳಿ.
ಚಿಕ್ಕಂದಿನಲ್ಲಿ ಹತ್ತು ತೊಳೆಯ ಕಿತ್ತಳೆ ಸುಲಿದು
ನನ್ನ ಕೈಗೆ ನಾಲ್ಕಿಟ್ಟು
'ಸಮ ಪಾಲು' ಎನ್ನುತ್ತಿದ್ದವಳು.
ಸಮಿತಿಯವರು ಕೇಳಿದರು, ಒತ್ತಾಯವೇನಾದರೂ?
'ಇವನಾ? ನನಗಾ?' ಅಂದಳು.
ಅಷ್ಟೇ ಬರೆದುಕೊಂಡರು.

ಮೈಸೂರಿನಲ್ಲಿ ಎಚ್ಚರವಾದಾಗ
ನರ್ಸು ಚೀಲ ಎತ್ತಿ ಹಿಡಿದು 'ಬಂತು, ಬಂತು' ಎಂದಳು.
ತುಲಾ ಸಂಕ್ರಮಣದಂದು
ಕುಂಡಿಕೆಯ ಸುತ್ತ ಜನ ಹಾಗೇ ಕೂಗುವುದು.
ಅಮ್ಮ ಕಾವೇರಿ ಕ್ಷಮಿಸಲಿ,
ಆ ಹಳದಿ ನೀರಿಗೆ ಕೈ ಮುಗಿದೆ.

ಈಗ ಬೆಳಗ್ಗೆ ಎಂಟು, ರಾತ್ರಿ ಎಂಟು, ಗುಳಿಗೆ.
ತಡವಾದರೆ ಮೈಗೆ ಅನುಮಾನ:
ಇವಳು ನಮ್ಮವಳಲ್ಲ, ಇಳಿಸು, ಎನ್ನುತ್ತದೆ.
ಅದೇ ಗುಳಿಗೆ ಸಕ್ಕರೆಯನ್ನೂ ಏರಿಸುತ್ತದೆ,
ಇನ್ಸುಲಿನ್ ನಾಲ್ಕು ಯೂನಿಟ್ ಜಾಸ್ತಿಯಾಗಿದೆ.
ಗುಣವಾಯಿತಾ ಎನ್ನುವವರಿಗೆ
ಬಸ್ಸು ಬದಲಾಯಿತು, ದಾರಿ ಅದೇ ಎನ್ನುತ್ತೇನೆ.

ನಿನ್ನೆ ಬೆಳಗ್ಗೆ ಅಕ್ಕ ಕಿತ್ತಳೆ ತಂದಳು.
ಅರ್ಧ ತಿನ್ನಬಹುದು ನಾನು, ಚೀಟಿಯಲ್ಲಿದೆ.
ಸುಲಿದಳು, ಎಣಿಸಿದಳು, ನಾಲ್ಕಿಟ್ಟಳು.
'ನಿನ್ನ ಸಕ್ಕರೆಗೆ ಇಷ್ಟು ಸಾಕು.'
ಆಮೇಲೆ ಏನನ್ನಿಸಿತೋ,
ನನ್ನ ಮಿಷಿನ್ನಿಗೆ ತನ್ನ ಬೆರಳು ಚಾಚಿದಳು.
ಅಪ್ಪನಿಗೂ ಇತ್ತಲ್ಲ ಎಂದು
ಇಬ್ಬರೂ ಅನ್ನಲಿಲ್ಲ.
ಬರಿಹೊಟ್ಟೆಯಲ್ಲಿ ನೂರ ಹದಿನಾಲ್ಕು.

ಅವಳ ಆರರಲ್ಲಿ ಎರಡು ಸಿಪ್ಪೆಯ ಮೇಲೆ ವಾಪಸು.
ನಾಲ್ಕು, ನಾಲ್ಕು.
ಸಂಜೆಯವರೆಗೂ ಆ ಎರಡು ತೊಳೆ
ಯಾರವೂ ಅಲ್ಲದೆ
ಒಣಗುತ್ತಾ ಇದ್ದವು.